ಮೂವತ್ತೆಂಟು ರೂಪಾಯಿ, ಹದಿಮೂರಾಣೆ, ಎರಡು ಪೈ: ಉಡುಪಿಯ ಹಾಜಿ ಅಬ್ದುಲ್ಲಾ ಮನೆಯ ಮ್ಯೂಸಿಯಂ

ಉಡುಪಿಗೆ ಬಂದವರ ಪಟ್ಟಿಯಲ್ಲಿ ಕೃಷ್ಣ ಮಠ, ಮಲ್ಪೆ, ಮಣಿಪಾಲ ಇದ್ದೇ ಇರುತ್ತವೆ. ಊರೊಳಗೇ ಇರುವ ಖಾನ್ ಬಹದ್ದೂರ್ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರ ಹಳೆಯ ಮನೆ ಆ ಪಟ್ಟಿಯಲ್ಲಿ ಸಿಗುವುದು ಅಪರೂಪ. ಕಾರ್ಪೊರೇಷನ್ ಬ್ಯಾಂಕ್ ತನ್ನ ಸ್ಥಾಪಕರ ಮನೆಯನ್ನು ಉಳಿಸಿಕೊಂಡು ಪರಂಪರೆ ಮ್ಯೂಸಿಯಂ ಮಾಡಿತು. 2020ರ ಏಪ್ರಿಲ್ 1ರಂದು ಆ ಬ್ಯಾಂಕೇ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಜನ ಇದನ್ನು ಕರೆಯುವುದು ‘ಕಾಯಿನ್ ಮ್ಯೂಸಿಯಂ’ ಎಂದು. ಒಳಗೆ ಕಾಣುವುದರಲ್ಲಿ ಹೆಚ್ಚಿನ ಪಾಲು ನಾಣ್ಯವೇ ಆದ್ದರಿಂದ ಆ ಹೆಸರು ತಪ್ಪಲ್ಲ, ಆದರೆ ಅದೊಂದೇ ಹೆಸರು ಹಿಡಿದು ಹೋದರೆ ಅರ್ಧ ಮ್ಯೂಸಿಯಂ ಕೈತಪ್ಪುತ್ತದೆ. ಇದು ಒಬ್ಬ ಊರ ಮುಂದಾಳಿನ ಮನೆ. ನಾಣ್ಯಗಳು ಅಲ್ಲಿಗೆ ಬಂದು ಕೂತ ಅತಿಥಿಗಳು.

ಹಾಗಾಗಿ ಮೊದಲ ಸಲಹೆ: ಕ್ರಿಸ್ತಪೂರ್ವದ ಬೆಳ್ಳಿ ತುಣುಕುಗಳಿಂದ ಶುರುಮಾಡಬೇಡಿ. ಒಂದು ಮೊತ್ತವನ್ನು ತಲೆಯಲ್ಲಿಟ್ಟುಕೊಂಡು ಒಳಗೆ ಹೋಗಿ. 1906ರ ಮಾರ್ಚ್ 12ರಂದು ‘ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ (ಉಡುಪಿ) ಲಿಮಿಟೆಡ್’ ಬಾಗಿಲು ತೆರೆಯಿತು. ಕಾರ್ಪೊರೇಷನ್ ಬ್ಯಾಂಕಿನ ಮೊದಲ ಹೆಸರು ಅದು. ಆರಂಭದ ಬಂಡವಾಳ 5,000 ರೂಪಾಯಿ. ಮೊದಲ ದಿನ ಸಂಜೆ ಲೆಕ್ಕ ಮುಗಿಸಿದಾಗ ಇದ್ದದ್ದು 38 ರೂಪಾಯಿ, 13 ಆಣೆ, 2 ಪೈ. ಬ್ಯಾಂಕಿನ ಚರಿತ್ರೆ ಹೇಳುವವರೆಲ್ಲ ಈ ಅಂಕಿಯನ್ನು ಹೆಮ್ಮೆಯಿಂದ ಹೇಳುತ್ತಾರೆ. ಅದರ ಒಳಗೆ ಏನಿತ್ತು ಎಂದು ಬಿಡಿಸಿ ನೋಡುವವರು ಕಡಿಮೆ.

ಬಿಡಿಸೋಣ. ಒಂದು ರೂಪಾಯಿಗೆ 16 ಆಣೆ, ಒಂದು ಆಣೆಗೆ 12 ಪೈ. ಅಂದರೆ ರೂಪಾಯಿಗೆ 192 ಪೈ. ಮೊದಲ ದಿನದ ಮೊತ್ತವನ್ನೆಲ್ಲ ಪೈಗೆ ಇಳಿಸಿದರೆ 7,454 ಪೈ. ಇವತ್ತಿನ ದಶಮಾಂಶ ಪದ್ಧತಿಯಲ್ಲಿ ಬರೆದರೆ 38 ರೂಪಾಯಿ 82 ಪೈಸೆ. ಇನ್ನು ಆ ಹಣವನ್ನು ಮೇಜಿನ ಮೇಲೆ ಎಣಿಸಿಟ್ಟರೆ ಹೇಗೆ ಕಾಣುತ್ತಿತ್ತು? ಆಗಿನ ಬೆಳ್ಳಿ ರೂಪಾಯಿ 180 ಗ್ರೇನ್, ಅಂದರೆ 11.66 ಗ್ರಾಂ ತೂಕದ್ದು. ಹನ್ನೆರಡರಲ್ಲಿ ಹನ್ನೊಂದು ಭಾಗ ಬೆಳ್ಳಿ. ಮೂವತ್ತೆಂಟು ಬಿಡಿ ರೂಪಾಯಿ ಎಂದರೆ ಸುಮಾರು 443 ಗ್ರಾಂ, ಒಂದು ಮುಷ್ಟಿಗೆ ಹಿಡಿಯದಷ್ಟು.

ಹದಿಮೂರಾಣೆಯ ಕತೆ ಇನ್ನೂ ಸ್ವಾರಸ್ಯದ್ದು. 1906ರಲ್ಲಿ ‘ಒಂದಾಣೆ’ ಎಂಬ ನಾಣ್ಯವೇ ಇರಲಿಲ್ಲ! ಅಂಚು ಹೂವಿನ ಎಸಳಿನಂತಿರುವ ಒಂದಾಣೆ ಬಂದದ್ದು ಮರುವರ್ಷ, 1907ರಲ್ಲಿ. ಅದಕ್ಕೆ ಮುಂಚೆ ಬೆಳ್ಳಿಯಲ್ಲಿ ಇದ್ದದ್ದು ಎಂಟಾಣೆ, ನಾಲ್ಕಾಣೆಯ ಪಾವಲಿ ಮತ್ತು ಉಗುರಿನಷ್ಟು ಚಿಕ್ಕ ಎರಡಾಣೆ. ಆಣೆಗಿಂತ ಕೆಳಗೆ ತಾಮ್ರದ ಕಾಲಾಣೆ, ಅದನ್ನು ಕರಾವಳಿಯವರು ಮುಕ್ಕಾಲು ಎನ್ನುತ್ತಿದ್ದರು. ಅದಕ್ಕೂ ಕೆಳಗೆ ಪೈ. ಹಾಗಾದರೆ ಹದಿಮೂರಾಣೆ ಎರಡು ಪೈಯನ್ನು ಕೆಲವೇ ನಾಣ್ಯಗಳಲ್ಲಿ ಕೊಡುವ ಒಂದು ದಾರಿ ಇದು: ಒಂದು ಎಂಟಾಣೆ, ಒಂದು ಪಾವಲಿ, ನಾಲ್ಕು ಮುಕ್ಕಾಲು, ಎರಡು ಪೈ. ಒಟ್ಟು ಎಂಟು ನಾಣ್ಯ. ಬ್ರಿಟಿಷ್ ಕಾಲದ ನಾಣ್ಯಗಳಿರುವ ಗಾಜಿನ ಮುಂದೆ ನಿಂತು ಈ ಎಂಟನ್ನೂ ಒಂದೊಂದಾಗಿ ಹುಡುಕಿ. ಮಕ್ಕಳನ್ನು ಕರೆದುಕೊಂಡು ಹೋದವರಿಗೆ ಇದಕ್ಕಿಂತ ಒಳ್ಳೆಯ ಆಟ ಈ ಮ್ಯೂಸಿಯಂನಲ್ಲಿ ಇಲ್ಲ.

ಹುಡುಕುವಾಗ ಒಂದು ಎಚ್ಚರಿಕೆ. ಆಗ ತಖ್ತಿನಲ್ಲಿದ್ದವನು ಏಳನೇ ಎಡ್ವರ್ಡ್. ಅವನ ರೂಪಾಯಿ 1903ರಿಂದ 1910ರವರೆಗಿನದು, ತಲೆಯ ಮೇಲೆ ಕಿರೀಟವಿಲ್ಲ, ಬೋಳು ನೆತ್ತಿ ಎದ್ದು ಕಾಣುತ್ತದೆ. ಹಾಗೆಂದು ಉಡುಪಿಯ ಪೇಟೆಯಲ್ಲಿ ಅಂದು ಅವನ ನಾಣ್ಯವೇ ಓಡುತ್ತಿತ್ತು ಎಂದುಕೊಳ್ಳಬೇಡಿ. ವಿಕ್ಟೋರಿಯಾಳ ರೂಪಾಯಿಗಳೂ ಜೊತೆಗೇ ಓಡಾಡುತ್ತಿದ್ದವು. ಅವುಗಳಲ್ಲಿ ಎರಡು ಬಗೆ: ‘ಕ್ವೀನ್’ ಎಂದಿದ್ದರೆ ಹಳೆಯದು, ‘ಎಂಪ್ರೆಸ್’ ಎಂದಿದ್ದರೆ 1877ರಿಂದ ಈಚಿನದು. ಈ ಒಂದು ಪದದ ವ್ಯತ್ಯಾಸ ಗೊತ್ತಿದ್ದರೆ ಆ ಸಾಲಿನ ಅರ್ಧ ನಾಣ್ಯಗಳ ಕಾಲ ಫಲಕ ಓದದೆಯೇ ತಿಳಿಯುತ್ತದೆ.

ಈಗ ಆ ಮನುಷ್ಯ. ಇಪ್ಪತ್ತನೇ ಶತಮಾನದ ಆರಂಭದ ಉಡುಪಿ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ಸಣ್ಣ ಪಟ್ಟಣ. ಬ್ಯಾಂಕು ಎನ್ನುವಂಥದ್ದು ಇರಲಿಲ್ಲ. ಸಾಲ ಬೇಕೆಂದರೆ ಕೈಯಲ್ಲಿ ಹಣವಿದ್ದ ಕೆಲವೇ ಸಾಹುಕಾರರ ಮನೆ ಬಾಗಿಲು ಕಾಯಬೇಕು, ಅವರು ಹೇಳಿದ್ದೇ ಬಡ್ಡಿ. ಹಾಜಿ ಅಬ್ದುಲ್ಲಾ ಸಾಹೇಬರಿಗೂ ಅಂಥ ಸಾಹುಕಾರರಾಗಿಯೇ ಉಳಿಯುವ ಅನುಕೂಲವಿತ್ತು. ಬದಲಿಗೆ ಅವರು ಊರಿನ ಕೆಲವರನ್ನು ಸೇರಿಸಿಕೊಂಡು, ಸದಸ್ಯರೇ ಹಣ ಕೂಡಿಟ್ಟು ಸಾಲ ಪಡೆಯುವ ‘ನಿಧಿ’ಯ ಮಾದರಿಯಲ್ಲಿ ಒಂದು ಸಂಸ್ಥೆ ಕಟ್ಟಿದರು. ಬ್ಯಾಂಕ್ ಶುರುವಾಗುವ ಹೊತ್ತಿಗೆ ಹೊರಡಿಸಿದ ಮನವಿಯ ಸಾರ ಎರಡೇ ಮಾತು: ಜಾತಿ ಮತ ನೋಡದೆ ಎಲ್ಲ ವರ್ಗದವರಲ್ಲೂ ಉಳಿತಾಯದ ಅಭ್ಯಾಸ ಬೆಳೆಸುವುದು, ಒಟ್ಟಾಗಿ ದುಡಿಯುವ ಅಭ್ಯಾಸ ಬೆಳೆಸುವುದು. ಇದೇ ಸ್ವದೇಶಿ ಎಂದು ಆ ಮನವಿ ನೇರವಾಗಿ ಹೇಳುತ್ತದೆ. ಬಂಗಾಳದಲ್ಲಿ ಸ್ವದೇಶಿ ಚಳವಳಿ ಶುರುವಾದದ್ದು 1905ರ ಆಗಸ್ಟ್‌ನಲ್ಲಿ. ಏಳೇ ತಿಂಗಳಲ್ಲಿ ಪಶ್ಚಿಮ ಕರಾವಳಿಯ ಒಂದು ದೇವಸ್ಥಾನದ ಪಟ್ಟಣದಲ್ಲಿ ಮುಸ್ಲಿಂ ವರ್ತಕರೊಬ್ಬರ ಮುಂದಾಳತ್ವದಲ್ಲಿ ಅದು ಬ್ಯಾಂಕಿನ ರೂಪ ತಾಳಿತು. ಅದೇ ವರ್ಷ ಜುಲೈ 1ರಂದು ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರ ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಶುರುವಾಯಿತು, ಅದೇ ಮುಂದೆ ಕೆನರಾ ಬ್ಯಾಂಕ್. ಹೆಸರಿನಲ್ಲಿ ‘ಕೆನರಾ’ ಎರಡಕ್ಕೂ ಇದ್ದದ್ದರಿಂದ ಇವೆರಡನ್ನೂ ಒಂದೇ ಎಂದುಕೊಳ್ಳುವವರು ಬಹಳ. ಒಳಗೆ ಹೋಗುವ ಮುಂಚೆ ಇದೊಂದು ಗೊಂದಲ ಬಿಡಿಸಿಕೊಂಡರೆ ಮುಂದಿನ ಓದು ಸಲೀಸು.

ಬ್ಯಾಂಕ್ ಬೆಳೆದ ವೇಗವನ್ನೂ ಗಮನಿಸಬೇಕು. ಎರಡನೇ ಊರಿಗೆ ಕಾಲಿಡಲು ಹದಿನೇಳು ವರ್ಷ ತೆಗೆದುಕೊಂಡಿತು: ಕುಂದಾಪುರದ ಶಾಖೆ 1923ರಲ್ಲಿ, ಮಂಗಳೂರಿನ ರಥಬೀದಿಯ ಶಾಖೆ 1926ರಲ್ಲಿ. ಇದು ಹಿಂಜರಿಕೆಯಲ್ಲ. ಸಾಲ ಪಡೆದವನ ಮನೆ, ಗದ್ದೆ, ಮಾತು ಮೂರೂ ಗೊತ್ತಿರುವ ಊರಿನಲ್ಲಿ ಮಾತ್ರ ಹಣ ಬಿಡಬೇಕು ಎಂಬ ಲೆಕ್ಕ. ಬ್ಯಾಂಕ್ ಶುರುವಾದ ಅದೇ 1906ರ ಅಕ್ಟೋಬರ್‌ನಲ್ಲಿ ಮದ್ರಾಸಿನ ಅರ್ಬತ್‌ನಾಟ್ ಕಂಪನಿ ದಿವಾಳಿಯೆದ್ದಿತು. ಸಾವಿರಾರು ಮಂದಿಯ ಠೇವಣಿ ಮುಳುಗಿದ ಆ ಸುದ್ದಿಯ ನಡುವೆ, ಏಳು ತಿಂಗಳ ಕೂಸಿನಂಥ ಬ್ಯಾಂಕಿನಲ್ಲಿ ಜನ ದುಡ್ಡು ಇಡಬೇಕಿತ್ತು ಎಂದು ನೆನೆದರೆ ಆ ಎಚ್ಚರಿಕೆಯ ಬೆಲೆ ತಿಳಿಯುತ್ತದೆ. ಮುಂದಿನದು ಎಲ್ಲರಿಗೂ ಗೊತ್ತಿರುವ ದಾರಿ: 1972ರಲ್ಲಿ ಕಾರ್ಪೊರೇಷನ್ ಬ್ಯಾಂಕ್ ಎಂಬ ಹೆಸರು, 1980ರ ಏಪ್ರಿಲ್ 15ರಂದು ರಾಷ್ಟ್ರೀಕರಣ, 2020ರಲ್ಲಿ ವಿಲೀನ.

ಊರಿನ ಪಾಲಿಗೆ ಹಾಜಿ ಅಬ್ದುಲ್ಲಾ ಸಾಹೇಬರು ಬರೀ ಬ್ಯಾಂಕಿನವರಾಗಿರಲಿಲ್ಲ. ಉಡುಪಿಯ ಸರ್ಕಾರಿ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆಯ ಜಾಗ ಅವರು ದಾನ ಕೊಟ್ಟದ್ದು. ಬ್ಯಾಂಕಿನ ಹೆಸರು ಹೋದರೂ ಆಸ್ಪತ್ರೆಯ ಹೆಸರಿನಲ್ಲಿ ಹಾಜಿ ಅಬ್ದುಲ್ಲಾ ಉಳಿದಿದ್ದಾರೆ. ಮ್ಯೂಸಿಯಂ ನೋಡಿದ ಮೇಲೆ ಆ ಕಡೆ ಹಾದು ಹೋಗುವುದು ಒಳ್ಳೆಯದು, ಗಾಜಿನ ಪೆಟ್ಟಿಗೆಯಲ್ಲಿ ಇಡಲಾಗದ ವಸ್ತು ಅದು.

ಇನ್ನು ನಾಣ್ಯಗಳ ಕಡೆ. ಸಂಗ್ರಹ ಕ್ರಿಸ್ತಪೂರ್ವ ಕಾಲದಿಂದ ಇಂದಿನವರೆಗೆ ಹರಡಿದೆ. ಎಲ್ಲವನ್ನೂ ನೋಡುತ್ತೇನೆ ಎಂದು ಹೊರಟರೆ ಹದಿನೈದನೇ ನಿಮಿಷಕ್ಕೆ ಕಣ್ಣು ಮಂಜಾಗುತ್ತದೆ. ನಾಣ್ಯದ ಮ್ಯೂಸಿಯಂಗಳಲ್ಲಿ ನೋಡುಗರು ಸೋಲುವುದು ಇಲ್ಲೇ. ಆರೇಳು ನಿಲ್ದಾಣ ಆರಿಸಿಕೊಂಡು ಪ್ರತಿಯೊಂದರ ಮುಂದೆ ಐದು ನಿಮಿಷ ನಿಂತರೆ ಸಾಕು.

ಮುದ್ರಾಂಕಿತ ಬೆಳ್ಳಿ ನಾಣ್ಯ ಮೊದಲನೆಯದು. ದುಂಡಗಿಲ್ಲ, ಚೌಕವೂ ಅಲ್ಲ, ತುಂಡರಿಸಿದ ತಗಡು. ಹಾಗೇಕೆ ಎಂದರೆ ತೂಕವೇ ಮುಖ್ಯ, ಆಕಾರವಲ್ಲ. ಸುಮಾರು 3.4 ಗ್ರಾಂಗೆ ಸರಿಹೊಂದಲಿ ಎಂದು ಮೂಲೆ ಕತ್ತರಿಸುತ್ತಿದ್ದರು. ಮುಖದಲ್ಲಿ ಸೂರ್ಯ, ಬೆಟ್ಟ, ಮರ, ಪ್ರಾಣಿ ಹೀಗೆ ಬಿಡಿಬಿಡಿಯಾಗಿ ಒತ್ತಿದ ಐದು ಗುರುತು. ಒಂದರ ಮೇಲೊಂದು ಬಿದ್ದಿದ್ದರೆ ಅದು ದೋಷವಲ್ಲ, ಬೇರೆ ಬೇರೆ ಅಚ್ಚಿನಿಂದ ಹೊಡೆದದ್ದಕ್ಕೆ ಸಾಕ್ಷಿ.

ಶಾತವಾಹನರ ಸೀಸದ ನಾಣ್ಯಕ್ಕೆ ಬಂದರೆ ಅಕ್ಷರಕ್ಕಿಂತ ಮೇಲ್ಮೈ ನೋಡಿ. ಬಿಳಿ ಪುಡಿ ಕಾಣುತ್ತದೆಯೇ? ಸೀಸದ ಶತ್ರು ಮಳೆಯಲ್ಲ, ಮರ. ಮರದ ಕಪಾಟು, ಪ್ಲೈವುಡ್, ಕೆಲವು ಅಂಟುಗಳು ಸದ್ದಿಲ್ಲದೆ ಹುಳಿ ಆವಿ ಬಿಡುತ್ತವೆ. ಮುಚ್ಚಿದ ಗಾಜಿನೊಳಗೆ ಅದು ಕಟ್ಟಿಕೊಂಡು ಸೀಸವನ್ನು ಬಿಳಿ ಪುಡಿಯಾಗಿಸುತ್ತದೆ. ತಾಮ್ರ, ಕಂಚಿನ ಮೇಲೆ ತಿಳಿಹಸಿರು ಪುಡಿ ಚುಕ್ಕೆಚುಕ್ಕೆಯಾಗಿ ಎದ್ದಿದ್ದರೆ ಅದು ಉಪ್ಪಿನ ರೋಗ. ಗಾಢ ಹಸಿರಿನ ಗಟ್ಟಿ ಪದರ ಬೇರೆ, ಅದು ನಾಣ್ಯವನ್ನು ಕಾಯುತ್ತದೆ. ಉಡುಪಿಯಂಥ ಕಡಲತೀರದಲ್ಲಿ, ವರ್ಷಕ್ಕೆ 4,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವಲ್ಲಿ, ನಾಣ್ಯ ಇಡುವುದೆಂದರೆ ಉಪ್ಪಿನಕಾಯಿ ಜಾಡಿಗಿಂತ ಹೆಚ್ಚಿನ ಕಾಳಜಿ ಬೇಡುವ ಕೆಲಸ. ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಇಟ್ಟರೆ ಸಾಲದು, ತೇವ ಹೀರಿ ಬಣ್ಣ ಬದಲಾದಾಗ ತೆಗೆದು ಒಣಗಿಸಿ ಮತ್ತೆ ಇಡಬೇಕು. ಮಳೆಗಾಲದಲ್ಲಿ ಇದು ಮರೆತರೆ ಅದು ಬರೀ ಗೋಲಿ.

ವಿಜಯನಗರದ ಚಿನ್ನ ಕಣ್ಣಿಗೆ ಹಬ್ಬ, ಆದರೆ ಗಾತ್ರ ಕಂಡು ನಿರಾಶೆಯಾಗಬೇಡಿ. ಇಡೀ ವರಾಹವೇ 3.4 ಗ್ರಾಂ, ಬೆರಳ ತುದಿಯಷ್ಟು. ಅದರ ಅರ್ಧ ಪ್ರತಾಪ. ಹಣ ಎಂಬುದು ವರಾಹದ ಹತ್ತನೇ ಒಂದು ಭಾಗ, ಮೀನಿನ ಪೊರೆಯಂತೆ. ಇವತ್ತು ನಾವು ದುಡ್ಡಿಗೆಲ್ಲ ಹಣ ಎನ್ನುತ್ತೇವಲ್ಲ, ಆ ಮಾತಿನ ನಾಣ್ಯ ಇಷ್ಟೇ ಇಷ್ಟು. ಕೃಷ್ಣದೇವರಾಯನ ವರಾಹದ ಒಂದು ಬಗೆಯಲ್ಲಿ ಕೂತ ಬಾಲಕೃಷ್ಣ ಇದ್ದಾನೆ, ಹಿಂದೆ ನಾಗರಿಯಲ್ಲಿ ‘ಶ್ರೀ ಪ್ರತಾಪ ಕೃಷ್ಣರಾಯ’. ಉಡುಪಿಗೆ ಬಂದವರು ಇದನ್ನು ಕಂಡು ನಮ್ಮ ಮಠದ ಕೃಷ್ಣ ಎನ್ನುವುದುಂಟು. ಅಲ್ಲ. ಮಠದಲ್ಲಿರುವವನು ಕಡೆಗೋಲು ಹಿಡಿದು ನಿಂತ ಕೃಷ್ಣ, ನಾಣ್ಯದವನು ಬೆಣ್ಣೆ ಹಿಡಿದು ಕೂತವನು. ಊರಿಗೆ ಹತ್ತಿರದ ನಂಟು ಬೇಕೆಂದರೆ ಆಳುಪರ ಎರಡು ಮೀನಿನ ನಾಣ್ಯವನ್ನು ನೆನಪಿಟ್ಟುಕೊಳ್ಳಿ. ಉದ್ಯಾವರ, ಬಾರಕೂರುಗಳಿಂದ ಆಳಿದವರು ಅವರು, ಎರಡೂ ಉಡುಪಿಯ ಮಗ್ಗುಲಿನ ಊರುಗಳು. ಶಾಸನಗಳಲ್ಲಿ ಬರುವ ಬಾರಕೂರು ಗದ್ಯಾಣ ಎಂಬ ನಾಣ್ಯದ ಹೆಸರು ಈ ನೆಲದ್ದೇ ಮಾತು.

ಕೆಳದಿಯ ನಾಣ್ಯವನ್ನೂ ಹೈದರನ ನಾಣ್ಯವನ್ನೂ ಅಕ್ಕಪಕ್ಕ ಇಟ್ಟು ನೋಡುವುದು ಈ ಮನೆಯಲ್ಲಿ ಬೇರೆಯೇ ಅರ್ಥ ಕೊಡುತ್ತದೆ. ಕೆಳದಿಯ ವರಾಹದ ಮುಂದೆ ಶಿವಪಾರ್ವತಿ, ಹಿಂದೆ ‘ಶ್ರೀ ಸದಾಶಿವ’. 1763ರಲ್ಲಿ ಹೈದರ್ ಕೆಳದಿ ಅರಸರ ರಾಜಧಾನಿ ಬಿದನೂರು ಗೆದ್ದ ಮೇಲೆ ಹೊರಡಿಸಿದ ವರಾಹದ ಮುಂದೆಯೂ ಅದೇ ಶಿವಪಾರ್ವತಿ, ಹಿಂದೆ ಮಾತ್ರ ತನ್ನ ಹೆಸರಿನ ಮೊದಲ ಅರಬ್ಬಿ ಅಕ್ಷರ. ಪೇಟೆ ಒಪ್ಪಿದ ಮುಖವನ್ನು ಅಳಿಸಿದರೆ ನಾಣ್ಯ ಓಡುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಟಿಪ್ಪುವಿನ ಆನೆಯ ತಾಮ್ರದ ಕಾಸುಗಳಲ್ಲಿ ಇಸವಿ ಓದುವಾಗ ಜಾಗ್ರತೆ: 1787ರ ಆಸುಪಾಸಿನಿಂದ ಅವನು ಪ್ರವಾದಿಯ ಜನನದಿಂದ ವರ್ಷ ಎಣಿಸುವ ಮೌಲೂದಿ ಶಕ ಬಳಸಿದ, ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಎಡದಿಂದ ಓದಿ ‘5121’ ಎಂದು ಬೆರಗಾಗುವವರು ನೋಡಿರುವುದು 1215ನ್ನು.

ಕಂಪನಿ ಸರ್ಕಾರದ ಸಾಲಿನಲ್ಲಿ 1835 ಎಂಬ ಅಂಕಿ ಹುಡುಕಿ. ಆ ವರ್ಷದಿಂದ ಕಂಪನಿಯ ಆಡಳಿತಕ್ಕೆಲ್ಲ ಒಂದೇ ಮಾದರಿಯ ರೂಪಾಯಿ ಬಂತು, ನಾಲ್ಕನೇ ವಿಲಿಯಂನ ಮುಖದೊಂದಿಗೆ. ಕೊನೆಗೆ ಎರಡನೇ ಮಹಾಯುದ್ಧದ ಓಟೆ ಮುಕ್ಕಾಲು: 1943ರಿಂದ 1947ರವರೆಗೆ ನಡುವೆ ತೂತಿಟ್ಟು ಹೊಡೆದ ಪೈಸೆ. ಲೋಹ ಉಳಿಸಲು ಮಾಡಿದ್ದು, ಜನ ದಾರಕ್ಕೆ ಪೋಣಿಸಿದರು. 1957ರ ಏಪ್ರಿಲ್ 1ರ ನಯಾ ಪೈಸೆಯೊಂದಿಗೆ ಆಣೆ, ಪೈಗಳ ಕತೆ ಮುಗಿಯುತ್ತದೆ. ಅಲ್ಲಿಗೆ ನೀವು ತಲೆಯಲ್ಲಿ ಹೊತ್ತು ತಂದ ಆ ಮೊದಲ ದಿನದ ಮೊತ್ತದ ಭಾಷೆಯೂ ಮುಗಿಯುತ್ತದೆ.

ನಾಣ್ಯ ಪ್ರದರ್ಶನದ ಒಂದು ಮಿತಿ ಎಲ್ಲ ಕಡೆಯದೂ: ಒಂದು ಮುಖ ಮಾತ್ರ ಕಾಣುತ್ತದೆ. ಫಲಕದಲ್ಲಿ ಲೋಹ, ತೂಕ, ಹಿಂಬದಿಯ ವಿವರ ಮೂರೂ ಇದ್ದರೆ ಅದು ಒಳ್ಳೆಯ ಫಲಕ, ರಾಜನ ಹೆಸರು ಮಾತ್ರ ಇದ್ದರೆ ಕೇಳಿ ತಿಳಿದುಕೊಳ್ಳಬೇಕು. ಹತ್ತು ಪಟ್ಟು ಹಿಗ್ಗಿಸುವ ಚಿಕ್ಕ ಭೂತಗನ್ನಡಿ ಜೇಬಿನಲ್ಲಿರಲಿ. ಮೊಬೈಲ್ ಟಾರ್ಚನ್ನು ನೇರ ಗಾಜಿಗೆ ಹಿಡಿದರೆ ಬೆಳಕೇ ಕಣ್ಣಿಗೆ ಹೊಡೆಯುತ್ತದೆ, ಏನೂ ಕಾಣದು. ದೀಪಕ್ಕೆ ಬೆನ್ನು ಮಾಡದೆ ಪಕ್ಕದಿಂದ ಬಾಗಿ ನೋಡಿದರೆ ಸವೆದ ಅಕ್ಷರವೂ ನೆರಳಿನಲ್ಲಿ ಎದ್ದು ಬರುತ್ತದೆ. ಫೋಟೊ ತೆಗೆಯುವ ಮುಂಚೆ ಅನುಮತಿ ಕೇಳಿ.

ಇಲ್ಲಿಂದ ಹೊರಬಿದ್ದವರ ತಲೆಯಲ್ಲಿ ಸಾಮಾನ್ಯವಾಗಿ ಒಂದೇ ಪ್ರಶ್ನೆ: ‘ನಮ್ಮ ಮನೆಯ ಪೆಟ್ಟಿಗೆಯಲ್ಲೂ ಇದೆ, ಎಷ್ಟು ಬರಬಹುದು?’ ರಾಮ, ಹನುಮಂತರ ಚಿತ್ರ, 1818 ಎಂಬ ಇಸವಿ, ಈಸ್ಟ್ ಇಂಡಿಯಾ ಕಂಪನಿಯ ಹೆಸರು ಇರುವ ದಪ್ಪ ತಾಮ್ರದ ಬಿಲ್ಲೆಯಾದರೆ ಅದು ನಾಣ್ಯವೇ ಅಲ್ಲ, ಈಚೆಗೆ ಮಾಡಿದ ಬಿಲ್ಲೆ. ಕಂಪನಿಯ ಮದ್ರಾಸ್ ಪಗೋಡಗಳಲ್ಲಿ ದೇವರ ಚಿತ್ರ ಇತ್ತು ನಿಜ, ಅವು ಚಿಕ್ಕ ಚಿನ್ನದವು. ಹಳೆ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ ಎನ್ನುವ ಜಾಲತಾಣಗಳ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯಡಿ ಪ್ರಾಚ್ಯವಸ್ತು, ದೇಶದ ಹೊರಗೆ ಒಯ್ಯುವಂತಿಲ್ಲ. ನೆಲ ಅಗೆಯುವಾಗ ಸಿಕ್ಕ ನಿಧಿಯಾದರೆ 1878ರ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಬೇಕು. ಮುಖ್ಯವಾಗಿ, ಮನೆಯ ನಾಣ್ಯವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ದೇವರ ದೀಪಕ್ಕೆ ಸರಿ, ನಾಣ್ಯಕ್ಕಲ್ಲ. ಆ ಹೊಳಪು ಮೇಲ್ಪದರವನ್ನೇ ತಿಂದು ಬರುತ್ತದೆ, ಸಂಗ್ರಾಹಕ ಅದನ್ನು ಒಂದೇ ನೋಟದಲ್ಲಿ ಗುರುತಿಸಿ ಬೆಲೆ ಇಳಿಸುತ್ತಾನೆ. ಮೆದು ಪ್ಲಾಸ್ಟಿಕ್ಕಿನ ಅಗ್ಗದ ಆಲ್ಬಂ ಕೂಡ ಬೇಡ. ಪಿವಿಸಿ ಹಾಳೆ ಕೆಲವು ವರ್ಷಗಳಲ್ಲಿ ಅಂಟಂಟು ಹಸಿರು ಬಿಡುತ್ತದೆ.

ಯಾರಿಗೆ ಹೇಳಿ ಮಾಡಿಸಿದ ಜಾಗ ಇದು? ಆಣೆ ಪೈ ಕಂಡ ಅಜ್ಜ ಅಜ್ಜಿ ಜೊತೆಗಿದ್ದರೆ ಐದಕ್ಕೆ ಐದು ಅಂಕ, ಫಲಕಕ್ಕಿಂತ ಅವರೇ ಚೆನ್ನಾಗಿ ವಿವರಿಸುತ್ತಾರೆ. ಬ್ಯಾಂಕಿಂಗ್, ವಾಣಿಜ್ಯ ಓದುವ ಕಾಲೇಜು ಮಕ್ಕಳಿಗೂ ಹಾಗೇ. ಹತ್ತು ನಿಮಿಷದಲ್ಲಿ ಸುತ್ತಿ ಸೆಲ್ಫಿ ತೆಗೆದು ಹೋಗುವವರಿಗೆ ಎರಡೇ ಅಂಕ, ಅದು ಮ್ಯೂಸಿಯಂನ ತಪ್ಪಲ್ಲ. ಪ್ರವೇಶಕ್ಕೆ ಟಿಕೆಟ್ ಇಲ್ಲ. ಒಂದೂವರೆ ಗಂಟೆ ಇಟ್ಟುಕೊಳ್ಳಿ. ಆಟೋದವರಿಗೆ ‘ಕಾರ್ಪ್ ಬ್ಯಾಂಕ್ ಕಾಯಿನ್ ಮ್ಯೂಸಿಯಂ’ ಎಂದು ಹಳೆಯ ಹೆಸರಲ್ಲೇ ಹೇಳಿ. ಬ್ಯಾಂಕಿನ ಕೈಯಲ್ಲಿರುವ ಸಂಸ್ಥೆಯಾದ್ದರಿಂದ ಭಾನುವಾರ, ಎರಡನೇ ಮತ್ತು ನಾಲ್ಕನೇ ಶನಿವಾರ, ಬ್ಯಾಂಕ್ ರಜಾದಿನಗಳಲ್ಲಿ ತೆರೆದಿರುತ್ತದೆಂದು ನಂಬಿಕೊಂಡು ದೂರದಿಂದ ಹೊರಡಬೇಡಿ, ಮೊದಲು ವಿಚಾರಿಸಿ. ಶಾಲೆಯ ತಂಡವಾದರೆ ಇಪ್ಪತ್ತರಂತೆ ಗುಂಪು ಮಾಡಿ ಬಿಡುವುದು ಲೇಸು, ಒಂದು ಗಾಜಿನ ಮುಂದೆ ಮೂರ್ನಾಲ್ಕು ತಲೆಗಿಂತ ಹೆಚ್ಚು ಹಿಡಿಯದು. ಪ್ರತಿ ಗುಂಪಿಗೂ ಒಂದು ಚೀಟಿ ಕೊಡಿ: ಒಂದು ಎಂಟಾಣೆ, ಒಂದು ಪಾವಲಿ, ನಾಲ್ಕು ಮುಕ್ಕಾಲು, ಎರಡು ಪೈ.